ಭೋಗ್ಯದ ಹಣ ವಾಪಸಾಗುವವರೆಗೆ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದು ಹಿರಿಯರು ಹೇಳಿಟ್ಟಿದ್ದಾರೆ. ಮದುವೆ ಬಿಚ್ಚಿ ನೋಡು, ಮನೆ ಹಂಚಿ ನೋಡು ಎಂದು ಹೇಳಲಿಲ್ಲ. ಹೇಳಿದ್ದರೆ ಅದಕ್ಕೆ ಎಷ್ಟು ಖರ್ಚಾಗುತ್ತದೆ ಎಂದೂ ಹೇಳಬೇಕಾಗುತ್ತಿತ್ತು, ಆ ಉಸಾಬರಿ ಯಾಕೆಂದು ಬಿಟ್ಟಿರಬೇಕು. ಅವರು ಬಿಟ್ಟ ಉಸಾಬರಿಯೇ ನನ್ನ ಹೊಟ್ಟೆಪಾಡಾಯಿತು.

ಮೈಸೂರಿನ ಕೃಷ್ಣಮೂರ್ತಿಪುರಂನ ಒಂದು ವಕೀಲರ ಆಫೀಸಿಗೆ ಟೈಪಿಸ್ಟಾಗಿ ಸೇರಿದವಳು ನಾನು. ಅಲ್ಲಿಗೆ ಬರುವುದೆಲ್ಲ ಗಂಡ ಹೆಂಡಿರ ಕೇಸುಗಳು. ಬಿ.ಕಾಂ. ಓದಿದ್ದೇನೆ ಎಂಬ ಒಂದೇ ಕಾರಣಕ್ಕೆ ನಮ್ಮ ಸೀನಿಯರ್ ಪಂಚಾಕ್ಷರಪ್ಪನವರು ನನ್ನನ್ನು ಟೈಪ್‌ರೈಟರಿನ ಮುಂದಿನಿಂದ ಎಬ್ಬಿಸಿ ಮುಂದಿನ ಕೋಣೆಯಲ್ಲಿ ಕೂರಿಸಿದರು. ಡೈವೋರ್ಸ್ ಕೇಳಿಕೊಂಡು ಬಂದವರು ಒಳಗೆ ಹೋಗುವ ಮುಂಚೆ ನನ್ನೆದುರು ಕೂರಬೇಕು. ಬೇರೆಯಾಗುವುದಕ್ಕೆ ಏನೇನು ಖರ್ಚು, ಬೇರೆಯಾದ ಮೇಲೆ ತಿಂಗಳಿಗೆ ಎಷ್ಟು ಬೇಕು, ಅದು ಎಲ್ಲಿಂದ ಬರುತ್ತದೆ, ಇಷ್ಟನ್ನೂ ನಾನು ಕೇಳಿ ತಿಳಿದು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಆ ಹಾಳೆಗೆ ನಮ್ಮಲ್ಲಿ ‘ಅಂದಾಜು’ ಎಂದು ಹೆಸರು. ನನಗೆ ‘ಅಂದಾಜು ಮೇಡಂ’ ಎಂದು ಹೆಸರು. ನನ್ನ ನಿಜವಾದ ಹೆಸರು ಸರ್ವಮಂಗಳ. ಡೈವೋರ್ಸ್ ಆಫೀಸಿನಲ್ಲಿ ಆ ಹೆಸರು ಕೇಳಿ ಅಳುತ್ತಿದ್ದವರೂ ನಕ್ಕದ್ದುಂಟು.

ಈಗ ಆ ಕುರ್ಚಿಗೆ ಹೊಸ ಹುಡುಗಿಯರು ಬಂದಿದ್ದಾರೆ. ಅವರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ಆಫೀಸಿನವರು ಕೇಳಿದರು. ಎಕ್ಸೆಲ್ ಕಲಿಸಲು ಅವರಿಗೆ ನಾನು ಬೇಕಿಲ್ಲ, ಅವರ ಬೆರಳು ಓಡುವುದು ನೋಡಿದರೆ ನನಗೇ ತಲೆ ತಿರುಗುತ್ತದೆ. ಹಾಳೆಯಲ್ಲಿ ಹಿಡಿಯದ ಒಂದೆರಡು ಸಂಗತಿಗಳಿವೆ, ಅವನ್ನು ಹೇಳುತ್ತೇನೆ. ಇಲ್ಲಿನ ಹೆಸರುಗಳನ್ನು ಬದಲಾಯಿಸಿದ್ದೇನೆ, ನನ್ನ ಹೆಸರೊಂದು ಬಿಟ್ಟು.

ಮೊದಲನೆಯದು, ಜನ ಏನನ್ನು ಮರೆಯುತ್ತಾರೆ ಎಂಬುದು. ವಕೀಲರ ಫೀಸು ಎಲ್ಲರಿಗೂ ನೆನಪಿರುತ್ತದೆ, ಅದರ ಮೇಲೆ ಚೌಕಾಸಿಯೂ ಮಾಡುತ್ತಾರೆ. ವಾಯಿದೆ ಬಿದ್ದಾಗಲೆಲ್ಲ ಒಂದು ದಿನದ ಸಂಬಳ, ಆಟೋ, ಕೋರ್ಟ್ ಕ್ಯಾಂಟೀನಿನ ಕಾಫಿ ಹೋಗುತ್ತದೆಂಬುದು ನೆನಪಿರುವುದಿಲ್ಲ. ಗಂಡನ ಕಂಪನಿಯ ಆರೋಗ್ಯ ವಿಮೆಯಿಂದ ಹೆಂಡತಿಯ ಹೆಸರು ಹೋಗುತ್ತದೆ. ಒಂದು ಗ್ಯಾಸ್ ಎರಡಾಗಬೇಕು, ಒಂದು ಫ್ರಿಜ್ಜು ಎರಡಾಗಬೇಕು. ಹೆಂಗಸರು ಹೊಸ ಮನೆಯ ಅಡ್ವಾನ್ಸ್ ಮರೆಯುತ್ತಾರೆ. ಗಂಡಸರು ಊಟವನ್ನೇ ಮರೆಯುತ್ತಾರೆ. ಒಬ್ಬ ಬ್ಯಾಂಕ್ ಅಧಿಕಾರಿ ಮಕ್ಕಳ ಕಾಲೇಜಿನವರೆಗೆ ಬಡ್ಡಿ ಸಮೇತ ಲೆಕ್ಕ ಹಾಕಿಕೊಂಡು ಬಂದಿದ್ದರು. ಬೆಳಗಿನ ತಿಂಡಿ ಎಲ್ಲಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ತಿಂಡಿ ಆಗುತ್ತಲ್ಲ ಮೇಡಂ’ ಎಂದರು. ಆಗುವುದಲ್ಲ ಸಾರ್, ಯಾರೋ ಮಾಡುವುದು ಎಂದು ಹೇಳಿ ಒಂದು ಸಾಲು ಸೇರಿಸಿದೆ.

ಶುರುವಿನಲ್ಲಿ ನಾನು ಮಾಡಿದ ಎಡವಟ್ಟೂ ಇರಲಿ. ನಜರ್‌ಬಾದಿನ ಒಬ್ಬ ಬಟ್ಟೆ ವ್ಯಾಪಾರಿ ತಾಯಿಯೊಡನೆ ಬಂದಿದ್ದ. ಹೆಂಡತಿಗೆ ಹೆಚ್ಚೆಂದರೆ ಎಷ್ಟು ಕೊಡಬೇಕಾಗಬಹುದು ಎಂದು ನಾನು ಬರೆದು ಮುಗಿಸುವಾಗ ಅವನು ಫೋನಿಗೆಂದು ಹೊರಗೆ ಹೋದ. ಹಿರಿಯರು ಕೂತಿದ್ದಾರಲ್ಲ ಎಂಬ ಮರ್ಯಾದೆಗೆ ಆ ತಾಯಿಗೇ ಓದಿ ಹೇಳಿದೆ. ಆಕೆ ಅದನ್ನು ತಂಗಿಗೆ ಹೇಳಿದರು, ತಂಗಿ ಬೀದಿಗೆ ಹೇಳಿದರು. ಮುಂದಿನ ವಾಯಿದೆಗೆ ಎದುರು ಪಾರ್ಟಿಯ ವಕೀಲರು ನಾನು ಬರೆದ ‘ಹೆಚ್ಚೆಂದರೆ’ಯನ್ನೇ ‘ಕಮ್ಮಿಯೆಂದರೆ’ ಮಾಡಿಕೊಂಡು ಅಲ್ಲಿಂದ ಮೇಲಕ್ಕೆ ಚೌಕಾಸಿ ಶುರು ಮಾಡಿದರು. ಸೀನಿಯರ್ ಬೈಯಲಿಲ್ಲ. ಮಾರನೆಯ ದಿನ ಬಂದು ನೋಡಿದರೆ ನನ್ನ ಕೋಣೆಯಲ್ಲಿ ಎರಡೇ ಕುರ್ಚಿ ಉಳಿದಿದ್ದವು, ಒಂದು ನನ್ನದು. ಅಂದಿನಿಂದ ಬಂಧುಬಳಗವೆಲ್ಲ ಹೊರಗಿನ ಬೆಂಚಿಗೆ.

ಪಂಚಾಕ್ಷರಪ್ಪನವರ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಹಣೆ ತುಂಬ ವಿಭೂತಿ, ಕರಿ ಕೋಟು, ಎಲ್ಲದರಲ್ಲೂ ನಿಧಾನ. ಮಠದ ಹಾಸ್ಟೆಲಿನಲ್ಲಿ ಉಂಡು ಓದಿದವರು, ಪಂಕ್ತಿಯಲ್ಲಿ ಕೊನೆಯ ಎಲೆಗೆ ಬಡಿಸುವವರೆಗೆ ಕಾದು ಕೂತು ಆ ನಿಧಾನ ಬಂದಿತೆಂದು ತಾವೇ ಹೇಳುತ್ತಿದ್ದರು. ಮೇಜಿನ ಮೇಲೆ ಒಂದು ಮರದ ತಟ್ಟೆ. ಸಹಿ ಮಾಡಲು ಮನಸ್ಸಿಲ್ಲದ ಕಾಗದವೆಲ್ಲ ಅದಕ್ಕೆ ಬೀಳುತ್ತಿತ್ತು. ಕೇಳಿದರೆ ‘ನೋಡೋಣ’ ಎನ್ನುತ್ತಿದ್ದರು. ಅವಸರವೇ ಅಪಾಯಕ್ಕೆ ಮೂಲ ಎಂಬುದು ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರಬೇಕು. ನಾನೋ, ಸಿಂಕಿನಲ್ಲಿ ಒಂದು ಲೋಟ ತೊಳೆಯದೆ ಬಿಟ್ಟರೆ ನಿದ್ದೆ ಬಾರದವಳು. ಬಾಕಿ ಎಂಬ ಪದವೇ ನನಗಾಗದು. ಅವರ ನಿಧಾನವನ್ನು ನಾನು ಸೋಮಾರಿತನವೆಂದೇ ತಿಳಿದಿದ್ದೆ, ಮುಖದ ಮೇಲೆ ಹೇಳಿಯೂ ಇದ್ದೆ. ಅವರು ನಕ್ಕುಬಿಡುತ್ತಿದ್ದರು.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಮೊದಲು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದೆ, ಅಳಿಸಿ ತಿದ್ದಲು ಅದೇ ಅನುಕೂಲ. ಆಮೇಲೆ ಕಂಪ್ಯೂಟರ್ ಬಂತು. ಆಸ್ತಿ, ಆದಾಯ, ಸಾಲ ಎಲ್ಲವನ್ನೂ ಇಬ್ಬರೂ ಪ್ರಮಾಣ ಮಾಡಿ ಕೋರ್ಟಿಗೆ ಕೊಡಬೇಕೆಂದಾಯಿತು. ಫೋನಿನಲ್ಲಿ ದುಡ್ಡು ಕಳಿಸುವ ಕಾಲ ಬಂದ ಮೇಲಂತೂ ಸುಳ್ಳು ಹೇಳುವವರ ಕಥೆ ಮುಗಿಯಿತು. ತಿಂಗಳಿಗೆ ಹತ್ತು ಸಾವಿರ ಸಂಪಾದನೆ ಎಂದು ಕೈಮುಗಿದವರು ಒಂದು ವಾರಕ್ಕೆ ಅಷ್ಟನ್ನೂ ಬಿರಿಯಾನಿಗೇ ಕಳಿಸಿರುತ್ತಿದ್ದರು. ನನಗೆ ಈ ಬದಲಾವಣೆ ಬಹಳ ಹಿಡಿಸಿತು. ಎಲ್ಲ ಚೌಕಗಳೂ ಭರ್ತಿಯಾಗಿ, ಖರ್ಚಿಗೂ ಆದಾಯಕ್ಕೂ ಸರಿಹೋಗಿ ಕೊನೆಯಲ್ಲಿ ಸೊನ್ನೆ ಬಂದ ಹಾಳೆ ನೋಡಿದರೆ ಹಬ್ಬದ ಅಡುಗೆ ಮುಗಿಸಿದಷ್ಟು ಸಮಾಧಾನ.

ಮಂಜುಳ ಮತ್ತು ಲೋಕೇಶ ಬಂದದ್ದು ಈ ಕಾಲದಲ್ಲಿಯೇ. ಇಬ್ಬರೂ ಒಪ್ಪಿ ಬೇರೆಯಾಗುವವರು, ಇಬ್ಬರಿಗೂ ನಮ್ಮದೇ ವಕಾಲತ್ತು. ಮಂಜುಳ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ಲೋಕೇಶ ಮನೆಗಳ ವೈರಿಂಗ್ ಕೆಲಸ ಮಾಡುವವನು. ಮಕ್ಕಳಿಲ್ಲ. ಒಂದು ಬಸಿರು ಅರ್ಧಕ್ಕೇ ನಿಂತು ಹೋಗಿತ್ತು, ಅಲ್ಲಿಂದಲೇ ಅವರ ಸಂಸಾರವೂ ನಿಂತು ಹೋಗಿತ್ತು. ಆಸ್ಪತ್ರೆಯಲ್ಲಿ ಅವಳು ಮಲಗಿದ್ದ ದಿನ ಅವನು ಬರಲಿಲ್ಲವಂತೆ. ಒಂದು ಕಲ್ಯಾಣ ಮಂಟಪದ ವೈರಿಂಗಿಗೆ ಹೋಗಿದ್ದನಂತೆ. ಯಾಕೆ ಬರಲಿಲ್ಲವೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಹೊಡೆತವಿಲ್ಲ, ಕುಡಿತವಿಲ್ಲ, ಬೈಗುಳವಿಲ್ಲ, ಮಾತೂ ಇಲ್ಲ.

‘ಅವರು ಕೆಟ್ಟೋರಲ್ಲ ಮೇಡಂ. ಆದ್ರೆ ಆವತ್ತು ಬರ್ಲಿಲ್ಲ’ ಎಂದಳು ಮಂಜುಳ. ಅಷ್ಟೇ ಅವಳ ದೂರು.

ಅವರದು ಬೌದ್ಧ ಕುಟುಂಬ. ಮದುವೆಯೂ ಬುದ್ಧನ ಪಟದ ಮುಂದೆ, ಸರಳವಾಗಿ ಆಗಿತ್ತು. ಮಂಜುಳನ ತಂದೆ ಪುಟ್ಟಸ್ವಾಮಿಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು, ಅಶೋಕಪುರಂನಲ್ಲಿ ಮಗನ ಸಂಸಾರದ ಜೊತೆ ಇದ್ದರು. ವರದಕ್ಷಿಣೆ, ಚಿನ್ನದ ವಿಷಯ ಮಾತಾಡಿದರೆ ಎದ್ದು ಹೋಗುವ ಮನುಷ್ಯ. ಚಿನ್ನದ ಬದಲು ತಮ್ಮ ಪಿ.ಎಫ್. ಹಣದಲ್ಲಿ ಏಳು ಲಕ್ಷ ತೆಗೆದು ಮಗಳು ಅಳಿಯನಿಗೆ ಶ್ರೀರಾಂಪುರದಲ್ಲಿ ಒಂದು ಮನೆಯನ್ನು ಭೋಗ್ಯಕ್ಕೆ ಹಾಕಿಸಿಕೊಟ್ಟಿದ್ದರು. ಭೋಗ್ಯವೆಂದರೆ ನಮ್ಮೂರಿನವರಿಗೆ ಹೇಳಬೇಕಿಲ್ಲ. ಹೊರಗಿನಿಂದ ಬಂದ ಹುಡುಗಿಯರಿಗೆ ಹೇಳುತ್ತೇನೆ: ಮನೆ ಓನರಿಗೆ ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಅವಧಿ ಮುಗಿದಾಗ ಮನೆ ಬಿಟ್ಟು ಗಂಟು ವಾಪಸ್ ಪಡೆಯುವುದು. ಅಗ್ರಿಮೆಂಟು ಅಳಿಯನ ಹೆಸರಿನಲ್ಲಿತ್ತು. ಮನೆಗೆ ಗಂಡಸಿನ ಹೆಸರಿರಲಿ ಎಂಬ ಗೌರವ.

ಲೋಕೇಶ ಒಂದು ಮಾತೂ ಎದುರಾಡದೆ ಆ ಏಳು ಲಕ್ಷ ಪೂರ್ತಿ ಮಂಜುಳನದು ಎಂದು ಬರೆದುಕೊಟ್ಟ. ತನಗೆ ಟೂಲ್ ಬ್ಯಾಗು, ಬೈಕು ಸಾಕು ಎಂದ. ಇಷ್ಟು ಸಲೀಸಾದ ಕೇಸು ನಾನು ನೋಡಿರಲಿಲ್ಲ. ಮಂಜುಳನ ಅಂದಾಜಿನಲ್ಲಿ ಎಲ್ಲವೂ ಆ ಗಂಟಿನ ಮೇಲೆಯೇ ನಿಂತಿತ್ತು. ಅವಳ ಸಂಬಳಕ್ಕೆ ಬಾಡಿಗೆ ಮನೆ ದುಬಾರಿ. ಅಪ್ಪನ ಮನೆಯಲ್ಲಿ ಅಣ್ಣ ಅತ್ತಿಗೆ ಮಕ್ಕಳು, ಕಾಲು ಚಾಚಲು ಜಾಗವಿಲ್ಲ. ಏಳು ಲಕ್ಷ ಬಂದರೆ ಅವಳೊಬ್ಬಳೇ ಒಂದು ಚಿಕ್ಕ ಮನೆಯನ್ನು ಭೋಗ್ಯಕ್ಕೆ ಹಿಡಿಯಬಹುದು, ಬರದಿದ್ದರೆ ಡೈವೋರ್ಸ್ ಸಿಕ್ಕರೂ ಹೋಗಲು ಜಾಗವಿಲ್ಲ. ಹಾಳೆಯ ಕೊನೆಯಲ್ಲಿ ‘ಭೋಗ್ಯ ವಾಪಸು’ ಎಂದು ಬರೆದು, ಅಗ್ರಿಮೆಂಟು ಮುಗಿಯುವ ತಾರೀಖನ್ನು ಎದುರಿಗೆ ಹಾಕಿದೆ. ಕೊನೆಗೆ ಸೊನ್ನೆ ಬಂತು, ಖುಷಿಯಾಯಿತು.

ಅರ್ಜಿ ಹಾಕಬೇಕಾದರೆ ಒಂದು ವರ್ಷ ಬೇರೆ ಇದ್ದಿರಬೇಕು. ಅವರು ಅದೇ ಮನೆಯಲ್ಲಿದ್ದರು. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡಿರಾಗಿ ಬಾಳದಿದ್ದರೆ ಅದೂ ಬೇರೆ ಇದ್ದ ಹಾಗೆಯೇ ಎಂದು ಸೀನಿಯರ್ ವಿವರಿಸಿದರು. ಮಲಗಲು ಹಾಲ್ ಅವನಿಗೆ, ರೂಮು ಅವಳಿಗೆ. ಅಡುಗೆಮನೆಯಲ್ಲಿ ಬೇಳೆ ಅಕ್ಕಿ ಡಬ್ಬಗಳೂ ಬೇರೆ ಬೇರೆ. ಕೋರ್ಟಿನಲ್ಲಿ ಕೇಳಿದಾಗ ಇಬ್ಬರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕಾಯಬೇಕಾದ ತಿಂಗಳುಗಳೆಲ್ಲ ಕಳೆದು ಡಿಕ್ರಿ ಆಯಿತು.

ಆ ದಿನ ಕೋರ್ಟಿನ ಗೇಟಿನ ಬಳಿ ನಾನು, ಸೀನಿಯರ್ ಆಟೋಗೆ ಕಾಯುತ್ತಿದ್ದೆವು. ಲೋಕೇಶ ಬೈಕ್ ಸ್ಟಾರ್ಟ್ ಮಾಡಿಕೊಂಡು ಗೇಟು ದಾಟಿದವನು ನಿಲ್ಲಿಸಿದ. ಮಂಜುಳ ಬಸ್ ಸ್ಟಾಪಿನ ಕಡೆ ಹೊರಟಿದ್ದಳು.

‘ಮನೆಗೇ ತಾನೆ? ಕೂತ್ಕೊ’ ಎಂದ.

ಅವಳು ಒಂದು ಗಳಿಗೆ ನಿಂತಳು. ಆಮೇಲೆ ಮಧ್ಯೆ ಫೈಲನ್ನು ಅಡ್ಡ ಇಟ್ಟುಕೊಂಡು ಹಿಂದೆ ಕೂತಳು. ಇಬ್ಬರೂ ಹೊರಟು ಹೋದರು. ಡೈವೋರ್ಸ್ ತೆಗೆದುಕೊಂಡು ಒಂದೇ ಬೈಕಿನಲ್ಲಿ ಒಂದೇ ಮನೆಗೆ ಹೋದವರನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ನಗು ಬಂತು. ಸೀನಿಯರ್ ನಗಲಿಲ್ಲ, ಬೈಕು ಮರೆಯಾಗುವವರೆಗೂ ನೋಡುತ್ತಿದ್ದರು.

ಅಗ್ರಿಮೆಂಟಿನ ಅವಧಿ ಮುಗಿಯಿತು. ನನ್ನ ಲೆಕ್ಕ ಅಲ್ಲಿ ಮುಗ್ಗರಿಸಿತು. ಓನರ್ ಚಂದ್ರಣ್ಣ ಆ ಏಳು ಲಕ್ಷವನ್ನು ಮೇಲಿನ ಮಹಡಿಗೆ ಸುರಿದು ಬಹಳ ಕಾಲವಾಗಿತ್ತು. ಮುಂದಿನ ಭೋಗ್ಯದವರು ಬಂದು ಗಂಟು ಕೊಟ್ಟರೆ ಅದನ್ನೇ ಇವರಿಗೆ ಕೊಡುತ್ತೇನೆ, ಅಲ್ಲಿಯವರೆಗೆ ಆರಾಮಾಗಿರಿ ಎಂದ. ಇದು ಅವನೊಬ್ಬನ ಮೋಸವಲ್ಲ, ನಮ್ಮೂರಿನ ಭೋಗ್ಯದ ಮನೆಗಳೆಲ್ಲ ನಡೆಯುವುದೇ ಹೀಗೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಎಲ್ಲರಿಗೂ ಗೊತ್ತಿರುವುದು ನನಗೂ ಗೊತ್ತಿತ್ತು, ಆದರೂ ಹಾಳೆಯಲ್ಲಿ ತಾರೀಖು ಹಾಕಿ ಕೂತಿದ್ದೆ. ಸೊನ್ನೆ ಬರಬೇಕೆಂಬ ಚಪಲ.

ಓನರಿಗೆ ಲಾಯರ್ ನೋಟೀಸ್ ಟೈಪ್ ಮಾಡಿ ಸೀನಿಯರ್ ಮುಂದಿಟ್ಟೆ. ಓದಿ ಮರದ ತಟ್ಟೆಗೆ ಹಾಕಿದರು. ವಾರ ಬಿಟ್ಟು ಕೇಳಿದರೆ ‘ನೋಡೋಣ’ ಎಂದರು. ತಿಂಗಳು ಬಿಟ್ಟು ಕೇಳಿದರೂ ಅದೇ.

ಸೀನಿಯರ್‌ಗೆ ಸಕ್ಕರೆ ಕಾಯಿಲೆ. ಪರಿಚಯವಾದ ಮೇಲೆ ಮಂಜುಳನೇ ಆಫೀಸಿಗೆ ಬಂದು ರಕ್ತ ತೆಗೆದುಕೊಂಡು ಹೋಗುತ್ತಿದ್ದಳು. ಬಂದಾಗಲೆಲ್ಲ ನನ್ನ ಕೋಣೆಯಲ್ಲಿ ಐದು ನಿಮಿಷ ಕೂರುತ್ತಿದ್ದಳು. ಮೊದಲ ಸಲ ಓನರಿನ ಸುದ್ದಿ ಕೇಳಿ, ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಹಾಕುವ ಲೋಕೇಶನನ್ನು ಬೈದು ಹೋದಳು. ಲೋಕೇಶನೂ ಆಗೊಮ್ಮೆ ಫೋನ್ ಮಾಡಿ, ಓನರಿಗೆ ಸ್ವಲ್ಪ ಗಟ್ಟಿಯಾಗಿ ಹೇಳಿ ಎಂದಿದ್ದ. ಮುಂದಿನ ಸಲ ಬಂದಾಗ ಅವಳು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವನು ಒಂದು ಲೈಟ್ ಹಾಕಿಕೊಟ್ಟನೆಂದಳು. ಇಷ್ಟು ವರ್ಷ ಕೇಳಿದರೂ ಹಾಕಿರಲಿಲ್ಲವಂತೆ. ಇನ್ನೊಂದು ಸಲ, ಸಾರಿನ ಅಳತೆ ತಪ್ಪಿ ಇಬ್ಬರಿಗಾಗುವಷ್ಟು ಆಗಿಬಿಡುತ್ತದೆ, ಚೆಲ್ಲುವುದಕ್ಕೆ ಮನಸ್ಸು ಬರುವುದಿಲ್ಲ ಎಂದಳು.

‘ಈಗೇನು, ಮಾತಾಡ್ತೀರೇನಮ್ಮ?’ ಎಂದು ರೇಗಿಸಿದೆ.

‘ಈಗ ಜಗಳ ಆಡೋಕೆ ಹಕ್ಕಿಲ್ವಲ್ಲ ಮೇಡಂ. ಅದ್ಕೇ ಮಾತಾಡ್ತೀವಿ’ ಎಂದಳು.

ಅದಾದ ಮೇಲಿನ ಸಲ ಅವಳು ಬಹಳ ಹೊತ್ತು ಕೂತಳು. ಆಸ್ಪತ್ರೆಯ ಆ ದಿನದ ಬಗ್ಗೆ ಲೋಕೇಶ ಕೊನೆಗೂ ಹೇಳಿದನಂತೆ. ಆಸ್ಪತ್ರೆಯಲ್ಲಿ ಕಟ್ಟಲು ಕೈಯಲ್ಲಿ ದುಡ್ಡಿರಲಿಲ್ಲ, ಮಂಟಪದ ಕೆಲಸಕ್ಕೆ ಅಡ್ವಾನ್ಸ್ ಸಿಗುತ್ತದೆಂದು ಹೋದ, ದುಡ್ಡು ತಂದು ಕಟ್ಟಿದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಒಳಗೆ ಬಂದು ಅವಳ ಮುಖ ನೋಡುವ ಧೈರ್ಯವಾಗದೆ ಆಸ್ಪತ್ರೆಯ ಗೇಟಿನ ಹೊರಗೆ ಟೀ ಅಂಗಡಿಯಲ್ಲಿ ಕೂತೇ ಇದ್ದನಂತೆ. ಹೇಳುತ್ತಾ ಮಂಜುಳ ಅಳಲಿಲ್ಲ. ಸಿರಿಂಜಿನ ಡಬ್ಬಿಯ ಮುಚ್ಚಳವನ್ನು ತೆಗೆಯುತ್ತಾ ಹಾಕುತ್ತಾ ಇದ್ದಳು.

ಓನರಿನ ವಿಷಯವನ್ನು ಆ ದಿನ ಅವಳು ಎತ್ತಲಿಲ್ಲ. ನಾನೇ ಎತ್ತಿದೆ. ‘ಇರ್ಲಿ ಬುಡಿ ಮೇಡಂ, ನಿಧಾನಕ್ಕೆ ಕೊಡ್ಲಿ’ ಎಂದಳು.

ಕಿವಿಯಿರುವ ಯಾರಿಗಾದರೂ ಆ ಮಾತಿನ ಒಳಗಿನದು ಕೇಳಿಸುತ್ತಿತ್ತು. ನನಗೆ ಅದು ಓನರನ್ನು ಕೇಳಿ ಕೇಳಿ ಸಾಕಾದ ಹೆಂಗಸಿನ ಮಾತೆಂದು ತೋರಿತು. ಅಯ್ಯೋ ಪಾಪ, ಆಸೆಯನ್ನೇ ಬಿಟ್ಟುಬಿಟ್ಟಿದ್ದಾಳೆ ಎಂದುಕೊಂಡೆ. ಅಪ್ಪನ ಜೀವಮಾನದ ಗಂಟು ಅಲ್ಲಿ ಕೂತಿದೆ, ಸೀನಿಯರ್ ತಟ್ಟೆಯಲ್ಲಿ ನೋಟೀಸು ಧೂಳು ತಿನ್ನುತ್ತಿದೆ. ನಾನೇ ಸೊಂಟ ಕಟ್ಟಿ ನಿಂತೆ. ಗೊತ್ತಿದ್ದವರಿಗೆಲ್ಲ ಹೇಳಿದೆ, ವಾಟ್ಸಾಪ್ ಗುಂಪುಗಳಲ್ಲಿ ಹಾಕಿದೆ. ಮೈಸೂರಿಗೆ ವರ್ಗವಾಗಿ ಬಂದ ಮೇಷ್ಟ್ರ ದಂಪತಿ ಸಿಕ್ಕರು, ಗಂಟು ಸಿದ್ಧವಿತ್ತು, ಮನೆ ಕೂಡಲೇ ಬೇಕಿತ್ತು. ಓನರಿಗೆ ಒಂದು ಮಾತು ತಿಳಿಸಿ, ಒಂದು ಭಾನುವಾರ ಬೆಳಿಗ್ಗೆ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಶ್ರೀರಾಂಪುರಕ್ಕೆ ಹೋದೆ. ಮಂಜುಳನಿಗಾಗಲಿ ಲೋಕೇಶನಿಗಾಗಲಿ ಮುಂಚೆ ಹೇಳಲಿಲ್ಲ. ಒಳ್ಳೆಯ ಸುದ್ದಿ, ಎದುರಿಗೇ ಹೇಳೋಣ ಎಂದಿದ್ದೆ.

ಬಾಗಿಲು ತೆಗೆದವಳು ಮಂಜುಳ. ಲೋಕೇಶ ಹಾಲಿನಲ್ಲಿ ಸ್ಟೂಲಿನ ಮೇಲೆ ನಿಂತು ಫ್ಯಾನ್ ಬಿಚ್ಚುತ್ತಿದ್ದ. ‘ಪಾರ್ಟಿ ಕರ್ಕೊಂಡು ಬಂದಿದೀನಿ, ಇನ್ನು ನಿಮ್ಮ ಚಿಂತೆ ಮುಗೀತು’ ಎಂದು ಹೇಳಿ ನಾನೇ ಮನೆಯೆಲ್ಲ ತೋರಿಸಿದೆ. ಅಡುಗೆಮನೆಯ ಶೆಲ್ಫಿನಲ್ಲಿ ಒಂದೇ ಸಾಲು ಡಬ್ಬ ಇದ್ದವು. ಅದನ್ನೂ ನೋಡಿದೆ, ಮನೆಯಲ್ಲಿ ಜಾಗ ಚೆನ್ನಾಗಿದೆ ಎಂದು ಮೇಷ್ಟ್ರ ಹೆಂಡತಿಗೆ ಹೇಳಿದೆ.

ಆಕೆ ಮಂಜುಳನನ್ನು ಕೇಳಿದರು. ‘ಇಷ್ಟು ಚೆನ್ನಾಗಿರೋ ಮನೇನ ಯಾಕ್ರೀ ಬಿಡ್ತಿದೀರ?’

ಮಂಜುಳ ಲೋಕೇಶನ ಕಡೆ ನೋಡಿದಳು. ಲೋಕೇಶ ಸ್ಟೂಲಿನ ಮೇಲಿಂದ ಅವಳ ಕಡೆ ನೋಡಿದ. ನಾನೇ ಬಾಯಿ ಹಾಕುವುದರಲ್ಲಿದ್ದೆ, ಅಷ್ಟರಲ್ಲಿ ಲೋಕೇಶ ಹೇಳಿದ, ‘ಅವಧಿ ಮುಗೀತಲ್ಲ ಅಮ್ಮ. ಅದ್ಕೆ.’

ಮಾರನೆಯ ದಿನ ಆಫೀಸಿಗೆ ಬೀಗುತ್ತಾ ಹೋಗಿ ಸೀನಿಯರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಯಾರು ಕೇಳಿದ್ರು ಸರ್ವಮಂಗಳಮ್ಮ ನಿಮ್ಮನ್ನ?’ ಎಂದರು.

ಯಾರೂ ಕೇಳಬೇಕಿಲ್ಲ, ಕಕ್ಷಿದಾರರ ಹಣ ಅದು, ನೀವು ನೋಟೀಸು ಕಳಿಸಲಿಲ್ಲ, ನಾನು ದಾರಿ ಹುಡುಕಿದೆ ಎಂದು ಜೋರಾಗಿಯೇ ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿದರು. ‘ಆ ಹುಡುಗಿ ನನ್ನ ರಕ್ತ ತೆಗೆಯೋವಾಗ ಹಾಡು ಗುನುಗ್ತಿದ್ಲು. ಮೊದ್ಲು ಬಂದಾಗ ಗುನುಗ್ತಿರ್ಲಿಲ್ಲ’ ಎಂದರು. ಆಮೇಲೆ ತಟ್ಟೆಯಿಂದ ಆ ನೋಟೀಸನ್ನು ತೆಗೆದು ಹರಿದು ಬುಟ್ಟಿಗೆ ಹಾಕಿದರು. ಅಂದು ಮಧ್ಯಾಹ್ನ ನನ್ನ ಜೊತೆ ಕಾಫಿ ಕುಡಿಯಲಿಲ್ಲ. ಆಗಲಾದರೂ ಫೋನ್ ಮಾಡಿ ಇಬ್ಬರನ್ನೂ ಒಂದು ಮಾತು ಕೇಳಬಹುದಿತ್ತು. ಮುದುಕರಿಗೆ ಕೆಲಸ ಆಗದಿದ್ದರೆ ವೇದಾಂತ ಬರುತ್ತದೆ ಎಂದು ಗೊಣಗಿಕೊಂಡು ರಸೀದಿ ಟೈಪ್ ಮಾಡಲು ಕೂತೆ.

ಗಂಟು ಕೈ ಬದಲಾದದ್ದು ನನ್ನ ಕೋಣೆಯಲ್ಲೇ. ಮೇಷ್ಟ್ರಿಂದ ಬಂದ ಹಣವನ್ನು ಓನರ್ ಚಂದ್ರಣ್ಣ ಚೆಕ್ಕಾಗಿ ಬರೆದು ತಂದಿದ್ದ. ಮಂಜುಳ ರಸೀದಿಗೆ ಸಹಿ ಹಾಕಿದಳು, ಲೋಕೇಶ ಸಾಕ್ಷಿ ಸಹಿ ಹಾಕಿ, ಕೆಲಸವಿದೆ ಎಂದು ಬೇಗ ಎದ್ದು ಹೋದ. ಚಂದ್ರಣ್ಣನೂ ಹೋದ. ಮಂಜುಳ ಚೆಕ್ಕನ್ನು ಪರ್ಸಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

‘ಲೋಕೇಶ್ ನಿಮಗೆ ಫೋನ್ ಮಾಡಿದ್ರಾ ಮೇಡಂ? ಬೇಗ ಮುಗಿಸ್ಕೊಡಿ ಅಂತ?’ ಎಂದು ಕೇಳಿದಳು.

ನಾನು ರಸೀದಿಗೆ ಪಂಚ್ ಹೊಡೆದು ಫೈಲಿಗೆ ಸೇರಿಸುತ್ತಿದ್ದೆ. ‘ಯಾರು ಮಾಡಿದ್ರೇನಮ್ಮ, ನಿನ್ ಕೆಲ್ಸ ಆಯ್ತಲ್ಲ’ ಎಂದೆ. ತಲೆ ಎತ್ತಿ ನೋಡಲೂ ಇಲ್ಲ. ಅವಳು ಬರ್ತೀನಿ ಎಂದು ಹೇಳಿ ಹೋದಳು. ನಾನು ಭೋಗ್ಯದ ಸಾಲಿಗೆ ಟಿಕ್ ಹಾಕಿ ಫೈಲ್ ಕಟ್ಟಿದೆ.

ಆ ವಾರವೇ ಮನೆ ಖಾಲಿಯಾಯಿತು. ಮಂಜುಳ ಅಪ್ಪನ ಮನೆಗೆ ಹತ್ತಿರ ಒಂದು ಚಿಕ್ಕ ಮನೆ ಹಿಡಿದಳು, ಲೋಕೇಶ ನಜರ್‌ಬಾದಿನಲ್ಲಿ ರೂಮು ಮಾಡಿದ. ಪಂಚಾಕ್ಷರಪ್ಪನವರು ಮುಂದೆ ಹೆಚ್ಚು ಕಾಲ ಬದುಕಲಿಲ್ಲ. ಈ ವಿಷಯವನ್ನು ಅವರು ಮತ್ತೆ ಎತ್ತಲೂ ಇಲ್ಲ. ನಾನು ನಿವೃತ್ತಳಾದೆ. ಮಂಜುಳನಿಗೆ ಇನ್ನೊಂದು ಮದುವೆಯಾಯಿತು, ಹೆಣ್ಣು ಮಗುವಾಯಿತು.

ಹೋದ ವರ್ಷ ನಮ್ಮ ಮನೆಯಲ್ಲಿ ಮೇಲಿಂದ ಮೇಲೆ ಕರೆಂಟ್ ಟ್ರಿಪ್ ಆಗುತ್ತಿತ್ತು. ಪಕ್ಕದ ಮನೆಯವರು ಒಬ್ಬ ಎಲೆಕ್ಟ್ರಿಷಿಯನ್ನನ್ನು ಕಳಿಸಿದರು. ಬಂದವನು ಲೋಕೇಶ. ಈಗ ಸ್ವಂತವಾಗಿ ಕಂಟ್ರಾಕ್ಟ್ ಹಿಡಿಯುತ್ತಾನಂತೆ, ಮದುವೆಯಾಗಿಲ್ಲ. ಬೋರ್ಡಿನ ಮುಚ್ಚಳ ಬಿಚ್ಚಿಕೊಂಡು ಕೆಲಸ ಮಾಡುತ್ತಲೇ ಮಾತು ತೆಗೆದ.

‘ಒಂದ್ ಮಾತು ಕೇಳ್ಲಾ ಮೇಡಂ? ಆವತ್ತು ಪಾರ್ಟಿ ಕರ್ಕೊಂಡು ಬಂದ್ರಲ್ಲ, ಮಂಜುಳನೇ ತಾನೆ ನಿಮ್ಗೆ ಹೇಳಿದ್ದು? ತಪ್ಪಿಲ್ಲ ಬುಡಿ. ಹಿಂದಿನ ದಿನ ನಾನು ಅವಳನ್ನ ಕೇಳಿದ್ದೆ, ಅಗ್ರಿಮೆಂಟ್ ಇನ್ನೊಂದು ಅವಧಿಗೆ ಬರ್ಸೋಣ್ವಾ, ಇಬ್ರೂ ಇಲ್ಲೇ ಇರೋಣ್ವಾ ಅಂತ. ನಾಳೆ ಹೇಳ್ತೀನಿ ಅಂದ್ಲು. ಬೆಳಿಗ್ಗೆ ನೋಡಿದ್ರೆ ನೀವು ಬಂದ್ರಿ. ಬಾಯಲ್ಲಿ ಹೇಳೋಕಾಗ್ದೆ ನಿಮ್ಮ ಕೈಲಿ ಹೇಳಿಸ್ಬುಟ್ಲು ಅನ್ಕೊಂಡೆ.’

ಪಕ್ಕದ ಕುರ್ಚಿಯ ಮೇಲೆ ಕೂತೆ. ಸುಳ್ಳು ಹೇಳಬಹುದಿತ್ತು, ಹೌದು ಅವಳೇ ಎಂದಿದ್ದರೆ ಅವನು ಇದ್ದ ಹಾಗೆ ಇರುತ್ತಿದ್ದ. ನನ್ನಿಂದಾಗಲಿಲ್ಲ. ಯಾರೂ ಹೇಳಲಿಲ್ಲ ಲೋಕೇಶ, ನಾನೇ ಬಂದೆ ಎಂದೆ. ಚೆಕ್ ತೆಗೆದುಕೊಂಡ ದಿನ ಮಂಜುಳ ನನ್ನನ್ನು ಏನು ಕೇಳಿದಳು, ನಾನು ಏನು ಹೇಳಿದೆ ಎಂಬುದನ್ನೂ ಹೇಳಿದೆ. ಇಲ್ಲೇ ಇರೋಣವೇ ಎಂದು ಕೇಳಿದ ಮಾರನೆಯ ಬೆಳಿಗ್ಗೆಯೇ ಅವನು ಮನಸ್ಸು ಬದಲಾಯಿಸಿ ನನ್ನನ್ನು ಕರೆಸಿದನೆಂದು ಅವಳೂ, ಅವಳ ಉತ್ತರ ಇದೇ ಎಂದು ಅವನೂ ತಿಳಿದುಕೊಂಡು ಮನೆ ಖಾಲಿ ಮಾಡಿದ್ದರು.

ಲೋಕೇಶ ಟೆಸ್ಟರನ್ನು ಹಿಡಿದುಕೊಂಡು ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದ. ನಂತರ ಮುಚ್ಚಳ ಇಟ್ಟು ಒಂದೊಂದೇ ಸ್ಕ್ರೂ ಬಿಗಿ ಮಾಡಿದ. ಸ್ವಿಚ್ ಹಾಕಿ ಲೈಟ್ ಬಂತೇ ಎಂದು ನೋಡಿದ. ಕಾಫಿ ಬೇಡವೆಂದ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ತಲೆ ಬಗ್ಗಿಸಿಕೊಂಡೇ ಹೇಳಿದ.

‘ಅವರಿಗೆ ಹೇಳೋಕೆ ಹೋಗ್ಬೇಡಿ ಮೇಡಂ. ಈಗ ಮಗು ಇದೆ.’

ಹೊಸದಾಗಿ ಕುರ್ಚಿಗೆ ಬಂದ ಹುಡುಗಿಯರೇ, ಭೋಗ್ಯದ ಸಾಲಿನ ಎದುರು ತಾರೀಖು ಹಾಕಬೇಡಿ. ಅದು ನನ್ನ ಲೆಕ್ಕದ ತಪ್ಪು, ನೀವು ಸುಲಭವಾಗಿ ತಪ್ಪಿಸಬಹುದು. ಇನ್ನೊಂದರ ಬಗ್ಗೆ ನನಗೆ ಇವತ್ತಿಗೂ ತೀರ್ಮಾನವಿಲ್ಲ. ಆ ಹಣ ಅವಳದೇ, ಬೇಗ ಕೊಡಿಸುವುದು ನನ್ನ ಕೆಲಸವೇ. ತಟ್ಟೆಯಲ್ಲಿ ಕಾಗದ ಮುಚ್ಚಿಟ್ಟು ಇನ್ನೊಬ್ಬರ ಗಂಟನ್ನು ತಡೆಯಲು ಪಂಚಾಕ್ಷರಪ್ಪನವರಿಗೆ ಯಾವ ಹಕ್ಕಿತ್ತು ಎಂದು ಅವರ ಫೋಟೋದ ಜೊತೆ ನಾನು ಈಗಲೂ ಜಗಳವಾಡುತ್ತೇನೆ. ಆದರೆ ಅವರಿಗೆ ಆ ಗುನುಗು ಕೇಳಿಸಿತ್ತು, ನನಗೆ ಕೇಳಿಸಲಿಲ್ಲ.

ಈಗ ನನಗೂ ಸಕ್ಕರೆ ಕಾಯಿಲೆ. ರಕ್ತ ತೆಗೆಯಲು ಮಂಜುಳನೇ ಮನೆಗೆ ಬರುತ್ತಾಳೆ. ಮಗಳ ಫೋಟೋ ತೋರಿಸುತ್ತಾಳೆ, ಗಂಡನ ಗೊರಕೆಯ ಬಗ್ಗೆ ದೂರು ಹೇಳಿ ನಗುತ್ತಾಳೆ. ಅವಳು ನನ್ನ ತೋಳಿಗೆ ರಬ್ಬರ್ ಕಟ್ಟಿ ನರ ಹುಡುಕುವಾಗ ನಾನು ಅವಳ ಮುಖವನ್ನೇ ನೋಡುತ್ತಿರುತ್ತೇನೆ.

‘ಏನ್ ಮೇಡಂ, ಏನೋ ಹೇಳೋಕೆ ಬಂದು ಸುಮ್ನಾಗ್ಬುಟ್ರಿ?’ ಎನ್ನುತ್ತಾಳೆ.

‘ಏನಿಲ್ಲ ಕಣಮ್ಮ, ಚುಚ್ಚು’ ಎನ್ನುತ್ತೇನೆ. ಸಿಂಕಿನಲ್ಲಿ ಒಂದು ಲೋಟ ಬಿಡದವಳು, ಇದೊಂದನ್ನು ಬಾಕಿ ಇಟ್ಟುಕೊಂಡಿದ್ದೇನೆ.